ಅಣುಜೀವಿಗಳ ಕುಲವಿಚಾರ

ಕೊಳ್ಳೇಗಾಲದ ಸೀಮೆಯಲ್ಲಿ ರೇಷ್ಮೆಹುಳುವನ್ನು ಸಾಕುವ ಗೃಹಸ್ಥನು, ಶಾಲೆಯ ಮೆಟ್ಟಿಲನ್ನು ಹತ್ತಿದವನಾಗಿರಲಿ ಹತ್ತದವನಾಗಿರಲಿ, ತನ್ನ ಹುಳುವಿಗೆ ಬರುವ ಬೇನೆಗಳೆಲ್ಲವನ್ನೂ ಒಂದೇ ಹೆಸರಿನಿಂದ ಕರೆಯುವುದಿಲ್ಲ. ನಾಲ್ಕನೆಯ ಜ್ವರವನ್ನು ದಾಟಿದ ಹುಳು ಮೈಯುಬ್ಬಿ, ತಟ್ಟೆಯ ಅಂಚಿನಲ್ಲಿ ನೆಲೆಯಿಲ್ಲದೆ ಹರಿದಾಡಿ, ಚರ್ಮ ಬಿರಿದು ಬೆಳ್ಳನೆಯ ರಸವನ್ನು ಸುರಿಸಿದರೆ ಅದನ್ನು ಹಾಲುತೊಂಡೆಯೆನ್ನುತ್ತಾನೆ. ಸೊಪ್ಪಿನ ಮೇಲಣ ಆಸೆಯನ್ನು ತೊರೆದು ಮೆತ್ತಗಾಗಿ, ಸತ್ತ ಬಳಿಕ ಕಪ್ಪಗಾಗಿ ಕೊಳೆತು ನಾರಿದರೆ ಸಪ್ಪೆ ರೋಗವೆನ್ನುತ್ತಾನೆ. ಸತ್ತ ಹುಳು ಕೊಳೆಯದೆ ಗಟ್ಟಿಯಾಗಿ ಮೈಮೇಲೆಲ್ಲ ಬಿಳಿಯ ಪುಡಿ ಕಟ್ಟಿದರೆ ಸುಣ್ಣಕಟ್ಟು ಎನ್ನುತ್ತಾನೆ. ಒಂದೇ ದಿನ ಚಾಕಿ ಕಟ್ಟಿದ ಹುಳುಗಳು ಒಂದು ದೊಡ್ಡದು ಒಂದು ಚಿಕ್ಕದಾಗಿ ಬೆಳೆದು, ಬಿತ್ತನೆಯ ಮೊಟ್ಟೆಯಿಂದಲೇ ದೋಷ ಬಂದಂತೆ ಕಂಡರೆ ಗಂಟುರೋಗವೆನ್ನುತ್ತಾನೆ. ಈ ನಾಲ್ಕು ಹೆಸರುಗಳು ಕೇವಲ ಮಾತಿನ ಅನುಕೂಲಕ್ಕಾಗಿ ಹುಟ್ಟಿದವಲ್ಲ. ಒಂದೊಂದಕ್ಕೂ ಲಕ್ಷಣ ಬೇರೆ, ಹರಡುವ ಬಗೆ ಬೇರೆ, ತಡೆಯುವ ಉಪಾಯವೂ ಬೇರೆಯೆಂಬ ಅನುಭವದಿಂದ ಹುಟ್ಟಿದವು.

ಹಾಲುತೊಂಡೆಗೆ ವೈರಸ್ಸು ಕಾರಣವೆಂದೂ, ಸಪ್ಪೆ ರೋಗಕ್ಕೆ ಬಹುಮಟ್ಟಿಗೆ ಬ್ಯಾಕ್ಟೀರಿಯಗಳೂ ಕೆಲವೊಮ್ಮೆ ವೈರಸ್ಸುಗಳೂ ಕಾರಣವೆಂದೂ, ಸುಣ್ಣಕಟ್ಟಿಗೆ ಶಿಲೀಂಧ್ರವು ಕಾರಣವೆಂದೂ, ಗಂಟುರೋಗಕ್ಕೆ ಇವಾವುದೂ ಅಲ್ಲದ ಮತ್ತೊಂದು ಸೂಕ್ಷ್ಮಪರಾವಲಂಬಿಯು ಕಾರಣವೆಂದೂ ಬಿಡಿಸಿ ಹೇಳಲು ವಿಜ್ಞಾನಕ್ಕೆ ಒಂದು ಶತಮಾನದಷ್ಟು ಕಾಲ ಹಿಡಿಯಿತು. ಹೀಗೆ ಬಿಡಿಸಿ ಹೇಳುವ ಶಾಸ್ತ್ರಕ್ಕೆ ವರ್ಗೀಕರಣವೆಂದು ಹೆಸರು. ಕಾಲೇಜಿನ ಪುಸ್ತಕಗಳಲ್ಲಿ ಅದು ಉದ್ದುದ್ದವಾದ ಪರಭಾಷೆಯ ಹೆಸರುಗಳ ಒಣ ಪಟ್ಟಿಯಾಗಿ ಕಾಣಿಸಿಕೊಳ್ಳುವುದರಿಂದ ವಿದ್ಯಾರ್ಥಿಗಳು ಅದನ್ನು ಕಂಠಪಾಠ ಮಾಡಿ ಪರೀಕ್ಷೆಯ ಮರುದಿನವೇ ಮರೆತುಬಿಡುವುದುಂಟು. ಆದರೆ ಮೈಸೂರು ಸಂಸ್ಥಾನದಲ್ಲಿ ಹುಟ್ಟಿ ಈ ಶಾಸ್ತ್ರಕ್ಕೆ ತಮ್ಮ ಆಯುಷ್ಯವನ್ನು ಧಾರೆಯೆರೆದ ಎಂ. ಜೆ. ತಿರುಮಲಾಚಾರ್ಯರ ಜೀವನಕಾರ್ಯವನ್ನು ನಿಧಾನವಾಗಿ ಪರಿಶೀಲಿಸಿದವರಿಗೆ, ವರ್ಗೀಕರಣವು ಸತ್ತ ಹೆಸರುಗಳ ಸಂಗ್ರಹವಲ್ಲವೆಂದೂ, ಅದರಲ್ಲಿ ವಿದ್ವಾಂಸನ ಕೀರ್ತಿಯು ಅವನು ಇಟ್ಟ ಹೆಸರು ಉಳಿಯಿತೇ ಅಳಿಯಿತೇ ಎಂಬುದರ ಮೇಲೆ ನಿಂತಿಲ್ಲವೆಂದೂ ಮನವರಿಕೆಯಾಗದೆ ಇರದು.

ಇದನ್ನು ಅರಿಯಲು ರೇಷ್ಮೆಯ ಸೀಮೆಗಿಂತ ಒಳ್ಳೆಯ ನೆಲೆಯಿಲ್ಲ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗುವ ತನಕ ಕೊಳ್ಳೇಗಾಲ ತಾಲ್ಲೂಕು ಮದ್ರಾಸ್ ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದು, ಆ ಪ್ರಾಂತದ ರೇಷ್ಮೆ ವ್ಯವಸಾಯಕ್ಕೆ ಮುಖ್ಯ ಆಶ್ರಯಸ್ಥಾನವಾಗಿತ್ತು. ಅಂದು ಅದರ ಅಂಗವಾಗಿದ್ದ ಹನೂರು ಈಗ ಪ್ರತ್ಯೇಕ ತಾಲ್ಲೂಕಾಗಿದೆ. ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಂದಿದ್ದ ಯಳಂದೂರು ಪಕ್ಕದಲ್ಲಿಯೇ ಸುವರ್ಣಾವತಿಯ ನೀರುಂಡು ನಿಂತಿದೆ. 1997ರಿಂದ ಈ ಮೂರೂ ಚಾಮರಾಜನಗರ ಜಿಲ್ಲೆಯ ಭಾಗಗಳಾಗಿವೆ. ಹಿಪ್ಪುನೇರಳೆಯ ತೋಟ, ಹುಳುಮನೆ, ಚಂದ್ರಿಕೆ, ಗೂಡು, ಮಗ್ಗ, ಇವುಗಳ ನಡುವೆ ಬಾಳುವ ಈ ಜನಕ್ಕೆ ಸೂಕ್ಷ್ಮಾಣುವೆಂಬುದು ಪುಸ್ತಕದ ಮಾತಲ್ಲ, ಮನೆಯ ಲಾಭನಷ್ಟದ ಮಾತು. ಸೂಕ್ಷ್ಮಜೀವಿವಿಜ್ಞಾನದ ಚರಿತ್ರೆಯಾದರೋ ತನ್ನ ಮೊದಲ ಪಾಠಗಳಲ್ಲಿ ಹಲವನ್ನು ಈ ರೇಷ್ಮೆಹುಳುವಿನಿಂದಲೇ ಕಲಿತಿತು. ಇಟಲಿಯ ಅಗಸ್ಟಿನೋ ಬಾಸ್ಸಿಯು 1835ರಲ್ಲಿ ಸುಣ್ಣಕಟ್ಟು ರೋಗಕ್ಕೆ ಒಂದು ಶಿಲೀಂಧ್ರವು ಕಾರಣವೆಂದು ತೋರಿಸಿ, ಪ್ರಾಣಿಯೊಂದರ ರೋಗಕ್ಕೆ ಕಣ್ಣಿಗೆ ಕಾಣದ ಜೀವಿಯು ಮೂಲವೆಂಬ ತತ್ತ್ವಕ್ಕೆ ಪ್ರಯೋಗದ ಆಧಾರವನ್ನು ಒದಗಿಸಿದನು.

ಗಂಟುರೋಗದ ಜೀವಿಯ ಕಥೆಯು ಇನ್ನೂ ಬೋಧಪ್ರದವಾದುದು. ಅದಕ್ಕೆ 1857ರಲ್ಲಿ ನೊಸೆಮಾ ಬಾಂಬಿಸಿಸ್ ಎಂದು ಹೆಸರಿಟ್ಟ ನೇಗೆಲಿಯೆಂಬ ಪಂಡಿತನು, ಬ್ಯಾಕ್ಟೀರಿಯಗಳೇ ಮೊದಲಾದ ಹಲವು ಅತಿಸೂಕ್ಷ್ಮ ಜೀವಿಗಳನ್ನು ಕೂಡಿಸಿ ತಾನು ಹೊಸದಾಗಿ ರಚಿಸಿದ ಒಂದು ವರ್ಗದೊಳಗೆ ಇದನ್ನೂ ಇರಿಸಿದನು. ಮುಂದೆ ಬಂದವರು ಇದು ಬ್ಯಾಕ್ಟೀರಿಯವಲ್ಲವೆಂದು ಕಂಡು ಏಕಕೋಶಪ್ರಾಣಿಗಳ ಗುಂಪಿಗೆ ಸೇರಿಸಿದರು. ವಂಶವಾಹಿಯ ಅಕ್ಷರಗಳನ್ನು ಓದುವ ವಿದ್ಯೆ ಕೈಗೂಡಿದ ಮೇಲೆ ಇದರ ನಂಟುತನ ಶಿಲೀಂಧ್ರಗಳ ಕಡೆಗಿರುವುದು ಸಿದ್ಧವಾಯಿತು. ಒಂದೇ ಜೀವಿಯು ಮೂರು ಮನೆಗಳನ್ನು ಬದಲಾಯಿಸಿದಂತಾಯಿತು. ಹಾಗಿದ್ದರೂ, 1865ರಲ್ಲಿ ದಕ್ಷಿಣ ಫ್ರಾನ್ಸಿನ ರೇಷ್ಮೆ ಬೆಳೆಗಾರರ ಕಷ್ಟವನ್ನು ಪರಿಹರಿಸಲೆಂದು ಹೊರಟ ಲೂಯಿ ಪಾಶ್ಚರನು ಐದು ವರ್ಷಗಳ ಪರಿಶ್ರಮದಿಂದ ಗಂಟುರೋಗವೂ ಸಪ್ಪೆ ರೋಗವೂ ಎರಡು ಬೇರೆ ಬೇರೆ ವ್ಯಾಧಿಗಳೆಂದು ವಿಂಗಡಿಸಿ, ಮೊಟ್ಟೆಯಿಟ್ಟ ತಾಯಿಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ರೋಗಕಣಗಳಿಲ್ಲದ ಮೊಟ್ಟೆಯನ್ನು ಮಾತ್ರ ಬಿತ್ತನೆಗೆ ಉಳಿಸಬೇಕೆಂದು ವಿಧಿಸಿದ ಕ್ರಮವು ಇಂದಿಗೂ ನಮ್ಮ ಬಿತ್ತನೆ ಕೋಠಿಗಳಲ್ಲಿ ನಡೆಯುತ್ತಿದೆ. ಜೀವಿಯನ್ನು ಇರಿಸಿದ ಮನೆ ಬದಲಾದರೂ, ಅದನ್ನು ಗುರುತಿಸಿದ ಕಣ್ಣು ನಿಷ್ಕೃಷ್ಟವಾಗಿದ್ದುದರಿಂದ ಪರಿಹಾರವು ಕೆಡಲಿಲ್ಲ.

ಆದರೂ ಕಣ್ಣಿಗೆ ಕಾಣದ ಜೀವಿಗಳನ್ನು ವಿಂಗಡಿಸುವುದು ಎಷ್ಟು ದುಸ್ತರವೆಂಬುದನ್ನು ಇಲ್ಲಿ ಹೇಳಲೇಬೇಕು. ಮರಕ್ಕೆ ಎಲೆಯಿದೆ, ಹೂವಿದೆ, ಕಾಯಿದೆ. ಹಕ್ಕಿಗೆ ಕೊಕ್ಕಿದೆ, ಗರಿಯಿದೆ, ಕೂಗಿದೆ. ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನಷ್ಟು ಗಾತ್ರದ ಬ್ಯಾಕ್ಟೀರಿಯಕ್ಕೆ ಇರುವುದು ಕಡ್ಡಿ, ಗುಂಡು, ಸುರುಳಿ ಮೊದಲಾದ ಕೆಲವೇ ಆಕಾರಗಳು. 1676ರಲ್ಲಿ ಲೇವನ್‌ಹುಕ್ಕನು ತಾನೇ ತಿಕ್ಕಿ ಮಾಡಿದ ಮಸೂರಗಳ ಮೂಲಕ ಇವನ್ನು ಕಂಡು ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದು ತಿಳಿಸಿದನಾದರೂ, ಸಸ್ಯಪ್ರಾಣಿಗಳಿಗೆಲ್ಲ ಎರಡು ಪದಗಳ ಹೆಸರಿಡುವ ಕ್ರಮವನ್ನು ಸ್ಥಾಪಿಸಿದ ಲಿನೇಯಸ್ ಮಹಾಶಯನೇ ಈ ಅಣುಜೀವಿಗಳ ಮುಂದೆ ಕೈಚೆಲ್ಲಿ, ಅವ್ಯವಸ್ಥೆಯೆಂಬ ಅರ್ಥದ ಹೆಸರಿನ ಒಂದೇ ಗುಂಪಿನಲ್ಲಿ ಅವನ್ನು ತುಂಬಿಬಿಟ್ಟನು. ಜರ್ಮನಿಯ ಫರ್ಡಿನೆಂಡ್ ಕೋನನು 1872ರಲ್ಲಿ ಆಕಾರವನ್ನು ಆಧಾರವಾಗಿಟ್ಟುಕೊಂಡು ಮೊದಲ ಗಂಭೀರ ವಿಭಾಗಕ್ರಮವನ್ನು ರಚಿಸಿದನು. ಬ್ಯಾಸಿಲಸ್ ಎಂಬ ಜಾತಿಯು ಆತನು ಸ್ಥಾಪಿಸಿದ್ದೇ. ರಾಬರ್ಟ್ ಕಾಕನ ಪ್ರಯೋಗಶಾಲೆಯಲ್ಲಿ ಗಟ್ಟಿಯಾದ ಆಹಾರದ ಮೇಲೆ ಒಂದೊಂದು ಜೀವಿಯ ಸಂತತಿಯನ್ನು ಬೇರೆಯಾಗಿ ಬೆಳೆಸುವ ವಿಧಾನವು ರೂಪುಗೊಂಡಿತು. ಅದಕ್ಕೆ ಕಡಲಪಾಚಿಯಿಂದ ದೊರೆಯುವ ಅಗರನ್ನು ಬಳಸಬಹುದೆಂಬ ಸೂಚನೆಯನ್ನು ಕೊಟ್ಟವಳು ಫ್ಯಾನಿ ಹೆಸ್ಸೆ ಎಂಬ ಗೃಹಿಣಿ. 1884ರಲ್ಲಿ ಗ್ರಾಮ್ ಎಂಬ ವೈದ್ಯನು ಕಂಡುಹಿಡಿದ ಬಣ್ಣದ ಪರೀಕ್ಷೆಯು ಬ್ಯಾಕ್ಟೀರಿಯ ಸಮೂಹವನ್ನು ನೇರಳೆಯ ಬಣ್ಣವನ್ನು ಹಿಡಿದಿಡುವವು, ಬಿಟ್ಟುಕೊಡುವವು ಎಂದು ಎರಡಾಗಿ ಸೀಳಿತು. ಆ ಮೇಲೆ, ಯಾವುದು ಯಾವ ಸಕ್ಕರೆಯನ್ನು ಹುಳಿಸುತ್ತದೆ, ಯಾವುದು ಗಾಳಿಯಿಲ್ಲದೆ ಬದುಕುತ್ತದೆ, ಯಾವುದು ಬೀಜಕವನ್ನು ಕಟ್ಟುತ್ತದೆ ಎಂಬ ನೂರಾರು ಪ್ರಶ್ನೆಗಳ ಉತ್ತರಗಳು ಕೂಡಿಬಂದು, 1923ರಲ್ಲಿ ಬರ್ಗಿಯ ಕೈಪಿಡಿಯೆಂದು ಪ್ರಸಿದ್ಧವಾದ ಗ್ರಂಥವು ಹೊರಬಿತ್ತು. ರೂಪವು ಮೋಸಗೊಳಿಸುವ ಲೋಕದಲ್ಲಿ ಗುಣವನ್ನು ಕೇಳಿ ಕುಲವನ್ನು ನಿರ್ಣಯಿಸುವ ಮಾರ್ಗವು ಹೀಗೆ ಸಿದ್ಧವಾಯಿತು.

ಈ ಮಾರ್ಗದಲ್ಲಿ ಮುಂದೆ ನಡೆದ ತಿರುಮಲಾಚಾರ್ಯರು 1914ರಲ್ಲಿ ಜನಿಸಿದರು. ಅವರು ಬೆಳೆದ ಕಾಲದ ಮೈಸೂರು ಸೀಮೆಯಲ್ಲಿ ಸಸ್ಯರೋಗಗಳ ಅಧ್ಯಯನಕ್ಕೆ ಒಂದು ಒಳ್ಳೆಯ ಪರಂಪರೆ ಆಗಲೇ ನೆಲೆಗೊಂಡಿತ್ತು. ಕೆನಡಾ ದೇಶದಿಂದ ಬಂದು ಸಂಸ್ಥಾನದ ಕೃಷಿ ಇಲಾಖೆಯನ್ನು ಕಟ್ಟಿದ ಲೆಸ್ಲಿ ಕೋಲ್ಮನ್ನರು ಮಲೆನಾಡಿನ ಅಡಕೆಗೆ ಬರುವ ಕೊಳೆರೋಗದ ಮೂಲವನ್ನು ಶೋಧಿಸಿ, ಮೈಲುತುತ್ತ ಮತ್ತು ಸುಣ್ಣದ ದ್ರಾವಣವನ್ನು ಕೊನೆಗಳಿಗೆ ಸಿಂಪಡಿಸುವುದನ್ನು ರೈತರಿಗೆ ಕಲಿಸಿದ್ದರು. ತಿರುಮಲಾಚಾರ್ಯರ ಮೊದಲ ಒಲವು ಶಿಲೀಂಧ್ರಗಳತ್ತ ತಿರುಗಿತು. ಅದರಲ್ಲಿಯೂ ಬೆಳೆಗಳ ಎಲೆಗೆ ತುಕ್ಕನ್ನೂ ತೆನೆಗೆ ಕಾಡಿಗೆಯನ್ನೂ ತರುವ ಪರಾವಲಂಬಿ ಶಿಲೀಂಧ್ರಗಳತ್ತ. ಭಾರತೀಯ ಸಸ್ಯರೋಗವಿಜ್ಞಾನದ ಹಿರಿಯರಾದ ಬಿ. ಬಿ. ಮುಂಡ್ಕೂರರೊಡನೆ ಕೂಡಿ ಅವರು ರಚಿಸಿದ, ಭಾರತದ ಕಾಡಿಗೆ ಶಿಲೀಂಧ್ರಗಳನ್ನು ಕುರಿತ ಗ್ರಂಥವು 1952ರಲ್ಲಿ ಇಂಗ್ಲೆಂಡಿನ ಕ್ಯೂ ಎಂಬಲ್ಲಿಂದ ಪ್ರಕಟವಾಯಿತು. ಅದಕ್ಕೆ ಮುನ್ನವೇ, 1944ರಲ್ಲಿ, ತಾವು ಹೊಸದಾಗಿ ಗುರುತಿಸಿದ ಒಂದು ಕಾಡಿಗೆ ಶಿಲೀಂಧ್ರ ಜಾತಿಗೆ ಅವರು ಮುಂಡ್ಕೂರೆಲ್ಲಾ ಎಂದು ಹೆಸರಿಟ್ಟು ಆ ಹಿರಿಯರಿಗೆ ಗೌರವವನ್ನು ಸಲ್ಲಿಸಿದ್ದರು. ಅನಂತರ ಕಾಶಿಯ ಬನಾರಸ್ ಹಿಂದೂ ವಿಶ್ವವಿದ್ಯಾನಿಲಯದಲ್ಲಿ ಅವರು ಅಧ್ಯಾಪನವನ್ನೂ ಸಂಶೋಧನೆಯನ್ನೂ ನಡೆಸಿದರು.

ಆ ದಿನಗಳು ವೈದ್ಯಲೋಕಕ್ಕೆ ಹೊಸ ಯುಗವು ತೆರೆದ ದಿನಗಳು. ಪೆನಿಸಿಲಿನ್ನಿಗಾಗಿ ಫ್ಲೆಮಿಂಗ್, ಫ್ಲೋರಿ, ಅರ್ನ್ಸ್ಟ್ ಚೇನ್ ಈ ಮೂವರಿಗೆ 1945ರಲ್ಲಿ ನೊಬೆಲ್ ಪಾರಿತೋಷಕವು ಸಂದಿತ್ತು. ಅಮೆರಿಕದಲ್ಲಿ ಸೆಲ್ಮನ್ ವಾಕ್ಸ್‌ಮನ್ ಮತ್ತು ಅವರ ಶಿಷ್ಯ ಆಲ್ಬರ್ಟ್ ಷಾಟ್ಸ್ ಮಣ್ಣಿನ ಜೀವಿಯೊಂದರಿಂದ ಸ್ಟ್ರೆಪ್ಟೊಮೈಸಿನ್ ಔಷಧವನ್ನು ಪಡೆದು, ಕ್ಷಯರೋಗಿಗಳ ಪಾಲಿಗೆ ಹೊಸ ಆಸೆಯನ್ನು ತಂದಿದ್ದರು. ಸ್ವತಂತ್ರ ಭಾರತವು ಇಂಥ ಔಷಧಗಳಿಗಾಗಿ ಪರದೇಶದ ಹಡಗನ್ನೇ ಕಾಯುವಂತಾಗಬಾರದೆಂದು ಬಗೆದ ಸರ್ಕಾರವು, ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್‌ಗಳ ನೆರವಿನಿಂದ 1954ರಲ್ಲಿ ಪುಣೆಯ ಬಳಿಯ ಪಿಂಪ್ರಿಯಲ್ಲಿ ಹಿಂದೂಸ್ತಾನ್ ಆಂಟಿಬಯೊಟಿಕ್ಸ್ ಕಾರ್ಖಾನೆಯನ್ನು ಸ್ಥಾಪಿಸಿತು. ತಿರುಮಲಾಚಾರ್ಯರು ಅದರ ಸಂಶೋಧನ ವಿಭಾಗವನ್ನು ಸೇರಿ, ಕಾಲಕ್ರಮದಲ್ಲಿ ಅದರ ಮುಖ್ಯಸ್ಥರಾದರು. ಕಾಡಿಗೆ ಶಿಲೀಂಧ್ರಗಳ ಪಂಡಿತರು ಮಣ್ಣಿನ ಬ್ಯಾಕ್ಟೀರಿಯಗಳ ಶೋಧಕ್ಕೆ ಇಳಿದುದು ಹೀಗೆ.

ಅವರು ಶೋಧಕ್ಕೆ ಆರಿಸಿಕೊಂಡ ಆಕ್ಟಿನೊಮೈಸಿಟೀಸ್ ಸಮೂಹವು ಬಹುಕಾಲ ವಿದ್ವಾಂಸರನ್ನು ಭ್ರಮೆಗೀಡುಮಾಡಿದ ಸಮೂಹ. ಹದವಾದ ಮೊದಲ ಮಳೆಗೆ ಕಾದ ನೆಲದಿಂದ ಏಳುವ ಮಣ್ಣಿನ ವಾಸನೆಯಲ್ಲಿ ಇವುಗಳ ಪಾಲು ಬಹಳವಾದುದು. ಆ ವಾಸನೆಯನ್ನು ಕೊಡುವ ಜಿಯೊಸ್ಮಿನ್ ಎಂಬ ವಸ್ತುವನ್ನು 1965ರಲ್ಲಿ ಇವುಗಳಿಂದಲೇ ಬೇರ್ಪಡಿಸಿ ಹೆಸರಿಸಿದರು. ಇವು ಶಿಲೀಂಧ್ರಗಳ ಹಾಗೆ ಕವಲೊಡೆಯುವ ಎಳೆಗಳಾಗಿ ಬೆಳೆದು, ಎಳೆಗಳ ತುದಿಯಲ್ಲಿ ಬೀಜಕಗಳ ಸರಪಣಿಯನ್ನು ಕಟ್ಟುವುದರಿಂದ ಇವನ್ನು ಶಿಲೀಂಧ್ರಗಳೆಂದು ಎಣಿಸಿದವರು ಹಲವರು. ಆದರೆ ಎಳೆಯ ದಪ್ಪ, ಕೋಶದ ರಚನೆ, ಭಿತ್ತಿಯ ರಾಸಾಯನಿಕ ಸ್ವರೂಪ ಇವೆಲ್ಲವನ್ನು ಪರಿಶೀಲಿಸಿದರೆ ಇವು ನಿಸ್ಸಂದೇಹವಾಗಿ ಬ್ಯಾಕ್ಟೀರಿಯಗಳೇ. ಇವುಗಳಲ್ಲಿ ಔಷಧಗಳ ಗಣಿಯೆನಿಸಿದ ಸ್ಟ್ರೆಪ್ಟೊಮೈಸಿಸ್ ಜಾತಿಯನ್ನು ವಾಕ್ಸ್‌ಮನ್ ಮತ್ತು ಹೆನ್ರಿಚಿ 1943ರಲ್ಲಿ ಸ್ಥಾಪಿಸಿದರು. ಚಿಟಿಕೆ ಮಣ್ಣನ್ನು ನೀರಿನಲ್ಲಿ ಕದಡಿ, ಆ ನೀರನ್ನು ಹತ್ತು ಪಾಲು, ನೂರು ಪಾಲು, ಸಾವಿರ ಪಾಲು ತೆಳುಮಾಡಿ, ಅಗರಿನ ತಟ್ಟೆಯ ಮೇಲೆ ಹರಡಿ ದಿನಗಟ್ಟಲೆ ಕಾದರೆ, ಬೇಗ ಹಬ್ಬುವ ಇತರ ಬ್ಯಾಕ್ಟೀರಿಯಗಳ ನಡುವೆ ಒಣಪುಡಿಯನ್ನು ಚೆಲ್ಲಿದಂಥ ಸಣ್ಣ ಬೊಟ್ಟುಗಳು ಮೆಲ್ಲನೆ ಮೇಲೇಳುತ್ತವೆ. ಒಂದೊಂದನ್ನೂ ಸೂಜಿಯ ಮೊನೆಯಿಂದ ಎತ್ತಿ ಬೇರೆಯಾಗಿ ಬೆಳೆಸಿ, ಬೀಜಕದ ಬಣ್ಣವೇನು, ಸರಪಣಿಯು ನೆಟ್ಟಗಿದೆಯೇ ಕೊಕ್ಕೆಯಾಗಿದೆಯೇ ಸುರುಳಿಯಾಗಿದೆಯೇ, ಯಾವ ರೋಗಾಣುವಿನ ಬೆಳವಣಿಗೆಯನ್ನು ತಡೆಯುತ್ತದೆ, ಎಂದು ಪರೀಕ್ಷಿಸಿ ಬರೆದಿಡುವುದು ಈ ವೃತ್ತಿಯ ನಿತ್ಯಕರ್ಮ.

ಹೀಗೆ ಮಣ್ಣಿನಿಂದ ಪ್ರತ್ಯೇಕಿಸಿದ ಒಂದು ಜೀವಿಯು ಉಳಿದವುಗಳಂತೆ ಎಳೆ ಮತ್ತು ಬೀಜಕಗಳನ್ನು ಮಾತ್ರ ಕಟ್ಟದೆ, ಎಳೆಗಳನ್ನು ಒತ್ತಾಗಿ ಹೆಣೆದು ಗಟ್ಟಿಯಾದ ಸಣ್ಣ ಗುಂಡುಗಳನ್ನೂ ರಚಿಸುತ್ತಿದ್ದುದು ತಿರುಮಲಾಚಾರ್ಯರ ಗಮನವನ್ನು ಸೆಳೆಯಿತು. ಶಿಲೀಂಧ್ರಗಳಲ್ಲಿ ಸ್ಕ್ಲೆರೋಷಿಯ ಎನಿಸಿಕೊಳ್ಳುವ ಇಂಥ ಗುಂಡುಗಳು ಸುಪರಿಚಿತ; ಪ್ರತಿಕೂಲವಾದ ಕಾಲವನ್ನು ಕಳೆಯಲು ಶಿಲೀಂಧ್ರಗಳು ಇವನ್ನು ಆಶ್ರಯಿಸುತ್ತವೆ. ಬ್ಯಾಕ್ಟೀರಿಯವೊಂದರಲ್ಲಿ ಇವನ್ನು ಕಂಡು ಇವುಗಳ ಮಹತ್ತ್ವವನ್ನು ಗ್ರಹಿಸಲು ಶಿಲೀಂಧ್ರಶಾಸ್ತ್ರದಲ್ಲಿ ಪಳಗಿದ ಕಣ್ಣೇ ಬೇಕಾಗಿತ್ತು. 1955ರಲ್ಲಿ ನೇಚರ್ ಪತ್ರಿಕೆಯಲ್ಲಿ ಅವರು ಈ ಜೀವಿಗಾಗಿ ಒಂದು ಹೊಸ ಜಾತಿಯನ್ನೇ ಪ್ರತಿಪಾದಿಸಿ, ಅರ್ನ್ಸ್ಟ್ ಚೇನರ ಗೌರವಾರ್ಥವಾಗಿ ಅದಕ್ಕೆ ಚೇನಿಯಾ ಎಂದು ಹೆಸರಿಟ್ಟರು. ಅದರ ಮೂಲ ಪ್ರಭೇದವು ಚೇನಿಯಾ ಆಂಟಿಬಯೊಟಿಕಾ ಎನಿಸಿತು. ಭಾರತದ ಮಣ್ಣಿನಲ್ಲಿ ದೊರೆತ, ಭಾರತದ ಪ್ರಯೋಗಶಾಲೆಯಲ್ಲಿ ವಿವರಿಸಲ್ಪಟ್ಟ ಬ್ಯಾಕ್ಟೀರಿಯ ಜಾತಿಯೊಂದು ಜಗತ್ತಿನ ವರ್ಗೀಕರಣ ಗ್ರಂಥಗಳಲ್ಲಿ ಸ್ಥಾನವನ್ನು ಪಡೆಯಿತು.

ಅವರ ಪ್ರಯೋಗಶಾಲೆಯ ಫಲವು ಹೆಸರುಗಳಲ್ಲಿಯೇ ಮುಗಿಯಲಿಲ್ಲ. ಪಿಂಪ್ರಿಯ ಹೆಸರನ್ನು ಹೊತ್ತ ಸ್ಟ್ರೆಪ್ಟೊಮೈಸಿಸ್ ಪಿಂಪ್ರಿನಾ ಎಂಬ ಜೀವಿಯಿಂದ ದೊರೆತ ಹ್ಯಾಮೈಸಿನ್, ಶಿಲೀಂಧ್ರದಿಂದ ಬರುವ ಬಾಯಿಹುಣ್ಣು ಮೊದಲಾದ ಕಾಯಿಲೆಗಳ ಚಿಕಿತ್ಸೆಗೆ ಒದಗಿತು. ಡರ್ಮೊಸ್ಟಾಟಿನ್ ಎಂಬುದು ಚರ್ಮದ ಶಿಲೀಂಧ್ರಗಳಿಗೆ ಎದುರಾದ ಔಷಧವಾಯಿತು. ಆರಿಯೊಫಂಜಿನ್ ಎಂಬ ಮತ್ತೊಂದು ಔಷಧವು ಆಸ್ಪತ್ರೆಯನ್ನು ಬಿಟ್ಟು ಹೊಲತೋಟಗಳಿಗೆ ಹೋಯಿತು. ತೆಂಗಿನ ಮರವನ್ನು ಬುಡದಿಂದ ಕೊಳೆಯಿಸುವ ಅಣಬೆ ರೋಗಕ್ಕೆ ಇದನ್ನು ಮೈಲುತುತ್ತದೊಡನೆ ಬೇರಿನ ಮೂಲಕ ಉಣಿಸಬೇಕೆಂದು ಕೃಷಿತಜ್ಞರು ಸಲಹೆಮಾಡುತ್ತ ಬಂದಿದ್ದಾರೆ. ಬ್ಯಾಕ್ಟೀರಿಯಗಳನ್ನು ಕೊಲ್ಲುವ ಔಷಧಗಳು ಹೇರಳವಾಗಿ ದೊರೆಯುತ್ತಿದ್ದರೂ ಶಿಲೀಂಧ್ರಗಳನ್ನು ಕೊಲ್ಲುವವು ವಿರಳವಾಗಿದ್ದ ಕಾಲದಲ್ಲಿ ಇದು ಸಣ್ಣ ಸಾಧನೆಯಲ್ಲ. ದೇಶವು ಅವರಿಗೆ ಶಾಂತಿಸ್ವರೂಪ ಭಟ್ನಾಗರ್ ಪ್ರಶಸ್ತಿಯನ್ನಿತ್ತು ಗೌರವಿಸಿತು. ಉತ್ತರವಯಸ್ಸಿನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಜೀರ್‌ಸನ್ನಿಧಿ-ಆಂಡರ್ಸನ್ ಸಂಸ್ಥೆಯನ್ನು ಜೊತೆಗೂಡಿ ಸ್ಥಾಪಿಸಿ, ಸಂಶೋಧನೆಯನ್ನು ಮುಂದುವರಿಸಿದ ಅವರು 1999ರಲ್ಲಿ ನಿಧನ ಹೊಂದಿದರು.

ಇತ್ತ ಚೇನಿಯಾದ ಗತಿಯೇನಾಯಿತು? ಅದು ಆ ಕಾಲದ ವರ್ಗೀಕರಣಕ್ಕೆ ಬಂದ ದೊಡ್ಡ ಪರೀಕ್ಷೆಯ ಕಥೆ. ಹೊಸ ಔಷಧಕ್ಕೆ ಹಕ್ಕುಪತ್ರವನ್ನು ಪಡೆಯಲು ಹೊಸ ಜೀವಿಯ ಹೆಸರು ಅನುಕೂಲವಾಗಿದ್ದುದರಿಂದ, ಸಣ್ಣಪುಟ್ಟ ಭೇದಗಳನ್ನೇ ಹಿಡಿದು ಕಂಪನಿಗಳು ಹೊಸ ಹೊಸ ಪ್ರಭೇದಗಳನ್ನು ಸಾರುತ್ತ ಹೋಗಿ, 1970ರ ಹೊತ್ತಿಗೆ ಸ್ಟ್ರೆಪ್ಟೊಮೈಸಿಸ್ ಪ್ರಭೇದಗಳೆಂದು ಹೇಳಿಕೊಂಡವುಗಳ ಸಂಖ್ಯೆ ಮೂರು ಸಾವಿರವನ್ನು ಮೀರಿತು. ಈ ಗೊಂದಲವನ್ನು ಕಳೆಯಲೆಂದು 1964ರಲ್ಲಿ ಪ್ರಾರಂಭವಾದ ಅಂತರರಾಷ್ಟ್ರೀಯ ಯೋಜನೆಯೊಂದರಲ್ಲಿ ಷರ್ಲಿಂಗ್ ಮತ್ತು ಗಾಟ್ಲೀಬ್ ಎಂಬ ವಿದ್ವಾಂಸರು ಹಲವು ದೇಶಗಳ ಪ್ರಯೋಗಶಾಲೆಗಳನ್ನು ಕೂಡಿಸಿಕೊಂಡು, ಒಂದೇ ಬಗೆಯ ಆಹಾರ, ಒಂದೇ ಬಗೆಯ ಪರೀಕ್ಷೆಗಳನ್ನು ನಿಗದಿಪಡಿಸಿ, ನಾನೂರೈವತ್ತಕ್ಕೂ ಮಿಕ್ಕ ಮಾದರಿ ತಳಿಗಳನ್ನು ಹೊಸದಾಗಿ ವರ್ಣಿಸಿದರು. ಬಳಿಕ 1980ರ ಜನವರಿ 1ರಂದು ಬ್ಯಾಕ್ಟೀರಿಯಗಳ ಅಂಗೀಕೃತ ನಾಮಾವಳಿಯು ಜಾರಿಗೆ ಬಂದಾಗ, ಹಿಂದಿನ ಪುಸ್ತಕಗಳಲ್ಲಿ ತುಂಬಿ ತುಳುಕುತ್ತಿದ್ದ ಸಾವಿರಾರು ಹೆಸರುಗಳಲ್ಲಿ ಸುಮಾರು 2,500 ಮಾತ್ರ ಮಾನ್ಯವಾಗಿ ಉಳಿದವು. ಜೀವಂತ ಮಾದರಿಯೂ ಸರಿಯಾದ ವಿವರಣೆಯೂ ಇಲ್ಲದ ಹೆಸರುಗಳಿಗೆ ಅಲ್ಲಿ ಸ್ಥಾನ ಸಿಕ್ಕಲಿಲ್ಲ.

ಚೇನಿಯಾವನ್ನೂ ವಿದ್ವಾಂಸರು ಹಲವು ಬಗೆಯಲ್ಲಿ ಪರೀಕ್ಷಿಸಿದರು. ಅದರ ಕೋಶಭಿತ್ತಿಯ ರಾಸಾಯನಿಕ ರಚನೆಯು ಸ್ಟ್ರೆಪ್ಟೊಮೈಸಿಸ್ ಜಾತಿಯ ರಚನೆಯನ್ನೇ ಹೋಲುತ್ತಿತ್ತು. ಗಟ್ಟಿಗುಂಡುಗಳನ್ನು ಕಟ್ಟುವ ಗುಣವು ಪ್ರಯೋಗಶಾಲೆಯಲ್ಲಿ ಮತ್ತೆ ಮತ್ತೆ ಬೆಳೆಸಿದಾಗ ಲುಪ್ತವಾಗುವುದೂ ಉಂಟೆಂದು ತಿಳಿದುಬಂದಿತು. ಜಾತಿಯೊಂದನ್ನು ಪ್ರತ್ಯೇಕಿಸಲು ಈ ಒಂದು ಲಕ್ಷಣವು ಸಾಲದೆಂದು ನಿರ್ಣಯಿಸಿ, ಇಂಗ್ಲೆಂಡಿನ ಗುಡ್‌ಫೆಲೋ, ವಿಲಿಯಮ್ಸ್, ಆಲ್ಡರ್ಸನ್ ಎಂಬವರು 1986ರಲ್ಲಿ ಚೇನಿಯಾದ ಪ್ರಭೇದಗಳನ್ನು ಸ್ಟ್ರೆಪ್ಟೊಮೈಸಿಸ್ ಜಾತಿಗೆ ಸೇರಿಸಿದರು. ಸ್ಟ್ರೆಪ್ಟೊಮೈಸಿಸ್ ಆಂಟಿಬಯೊಟಿಕಸ್ ಎಂಬ ಹೆಸರು ಅದಾಗಲೇ ವಾಕ್ಸ್‌ಮನ್ನರ ಮತ್ತೊಂದು ಜೀವಿಗೆ ಸಂದಿದ್ದುದರಿಂದ, ತಿರುಮಲಾಚಾರ್ಯರ ಮೂಲ ಪ್ರಭೇದವು ಸ್ಟ್ರೆಪ್ಟೊಮೈಸಿಸ್ ಸ್ಕ್ಲೆರೋಷಿಯಾಲಸ್ ಎಂಬ ಹೆಸರನ್ನು ತಾಳಿತು. ಅವರು ಕಂಡ ಆ ಗಟ್ಟಿಗುಂಡುಗಳ ಗುರುತು ಈ ಹೊಸ ಹೆಸರಿನಲ್ಲಿಯೇ ಸೇರಿಕೊಂಡಿದೆ.

ಇದನ್ನು ಸೋಲೆಂದು ಎಣಿಸುವವರು ವರ್ಗೀಕರಣದ ಧರ್ಮವನ್ನು ಅರಿತವರಲ್ಲ. ಜಾತಿಯೆಂಬುದು ವಿದ್ವಾಂಸನು ನಿಸರ್ಗದ ಮುಂದೆ ಇಡುವ ಒಂದು ಊಹೆ. ಅದನ್ನು ಪ್ರಮಾಣಗಳೊಡನೆ ಇಡುವುದು ಅವನ ಕರ್ತವ್ಯ, ಅದನ್ನು ಪರೀಕ್ಷಿಸುವುದು ಅವನ ಅನಂತರ ಬಂದವರ ಕರ್ತವ್ಯ. ತಿರುಮಲಾಚಾರ್ಯರು ತಮ್ಮ ಜೀವಿಯನ್ನು ಅಸ್ಪಷ್ಟವಾಗಿ ವರ್ಣಿಸಿದ್ದರೆ, ಅಥವಾ ಅದರ ಜೀವಂತ ತಳಿಯು ಸಂಗ್ರಹಾಲಯಗಳಲ್ಲಿ ಉಳಿದಿರದಿದ್ದರೆ, ಮೂವತ್ತು ವರ್ಷಗಳ ತರುವಾಯ ಪರದೇಶದ ವಿದ್ವಾಂಸರು ಅದನ್ನು ಮತ್ತೆ ಬೆಳೆಸಿ, ಪರೀಕ್ಷಿಸಿ, ಬೇರೊಂದು ತೀರ್ಮಾನಕ್ಕೆ ಬರುವುದು ಸಾಧ್ಯವೇ ಆಗುತ್ತಿರಲಿಲ್ಲ. ತಿದ್ದಲು ಬರುವಷ್ಟು ಸ್ಪಷ್ಟವಾಗಿ ಬರೆಯುವುದು ವಿಜ್ಞಾನದಲ್ಲಿ ಒಂದು ಮಹಾಗುಣ. ಊರಿನ ಸೇರು ಪಾವುಗಳ ಮೇಲೆ ಜಗಳ ಹುಟ್ಟಿದಾಗ ತಾಲ್ಲೂಕು ಕಚೇರಿಯಲ್ಲಿರಿಸಿದ ಮುದ್ರೆಯ ಅಳತೆಯನ್ನು ತರಿಸಿ ನೋಡುವ ಹಾಗೆ, ಹೆಸರಿನ ಮೇಲೆ ವಿವಾದ ಬಂದಾಗ ವಿದ್ವಾಂಸರು ಮಾದರಿ ತಳಿಯ ಮೊರೆಹೋಗುತ್ತಾರೆ. ಆದುದರಿಂದಲೇ ಈಗಿನ ನಿಯಮದಂತೆ ಹೊಸ ಪ್ರಭೇದವನ್ನು ಸಾರುವವರು ಅದರ ಜೀವಂತ ತಳಿಯನ್ನು ಎರಡು ಬೇರೆ ಬೇರೆ ದೇಶಗಳ ಸಂಗ್ರಹಾಲಯಗಳಲ್ಲಿ ಠೇವಣಿಯಿಡಲೇಬೇಕು. ನಮ್ಮ ದೇಶದಲ್ಲಿ ಚಂಡೀಗಢದಲ್ಲಿಯೂ ಪುಣೆಯಲ್ಲಿಯೂ ಇಂಥ ಸಂಗ್ರಹಾಲಯಗಳಿವೆ.

ಹೆಸರುಗಳ ಈ ಸೂಕ್ಷ್ಮ ವಿಚಾರಕ್ಕೂ ಹುಳುಮನೆಯ ಒಡೆಯನಿಗೂ ಏನು ಸಂಬಂಧವೆಂದು ಕೇಳುವವರಿಗೆ ಬ್ಯಾಸಿಲಸ್ ಜಾತಿಯ ಮೂವರು ದಾಯಾದಿಗಳ ಕಥೆಯೇ ಉತ್ತರ. 1901ರಲ್ಲಿ ಜಪಾನಿನ ಇಷಿವಾಟಾ ಎಂಬ ವಿಜ್ಞಾನಿಯು ರೇಷ್ಮೆಹುಳುಗಳು ಹಠಾತ್ತಾಗಿ ಕುಸಿದು ಸಾಯುವುದಕ್ಕೆ ಕಾರಣವಾದ ಒಂದು ಕಡ್ಡಿಯಾಕಾರದ ಬ್ಯಾಕ್ಟೀರಿಯವನ್ನು ಪ್ರತ್ಯೇಕಿಸಿದನು. ಹತ್ತು ವರ್ಷಗಳ ಮೇಲೆ ಜರ್ಮನಿಯ ಬರ್ಲಿನರನು ತುರಿಂಜಿಯಾ ಪ್ರಾಂತದ ಹಿಟ್ಟಿನ ಗಿರಣಿಯ ಪತಂಗದಲ್ಲಿ ಅಂಥದೇ ಜೀವಿಯನ್ನು ಕಂಡು, 1915ರಲ್ಲಿ ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಎಂದು ಹೆಸರಿಟ್ಟನು. ಬೀಜಕವನ್ನು ಕಟ್ಟುವಾಗ ಈ ಜೀವಿಯು ಒಂದು ಪ್ರೋಟೀನಿನ ಹರಳನ್ನೂ ತಯಾರಿಸುತ್ತದೆ. ಕ್ಷಾರಗುಣದ ಹೊಟ್ಟೆಯುಳ್ಳ ಹುಳುವು ಅದನ್ನು ತಿಂದಾಗ ಹರಳು ಕರಗಿ ವಿಷವಾಗಿ ಕರುಳಿನ ಭಿತ್ತಿಯನ್ನು ತೂತುಮಾಡುತ್ತದೆ. ಇದರ ದಾಯಾದಿಯಾದ ಬ್ಯಾಸಿಲಸ್ ಸೀರಿಯಸ್ ಹಳಸಿದ ಅನ್ನದಲ್ಲಿ ಬೆಳೆದು ಉಂಡವರಿಗೆ ವಾಂತಿಭೇದಿಯನ್ನು ತರುತ್ತದೆ. ಮತ್ತೊಂದು ದಾಯಾದಿ ಬ್ಯಾಸಿಲಸ್ ಆಂಥ್ರಾಸಿಸ್ ದನಕುರಿಗಳನ್ನೂ ಮನುಷ್ಯರನ್ನೂ ಕೊಲ್ಲುವ ನೆರಡಿ ರೋಗಕ್ಕೆ ಮೂಲ. ವಂಶವಾಹಿಯ ದೃಷ್ಟಿಯಿಂದ ನೋಡಿದರೆ ಈ ಮೂರರ ಅಂತರ ಅತ್ಯಲ್ಪ. ಇವನ್ನು ಒಂದೇ ಪ್ರಭೇದವೆಂದು ಕರೆಯಬೇಕೆಂದು ವಾದಿಸಿದ ವಿದ್ವಾಂಸರೂ ಇದ್ದಾರೆ. ಆದರೆ ಕುರಿಗಾಹಿಗೂ ರೇಷ್ಮೆ ಬೆಳೆಗಾರನಿಗೂ ಅಡುಗೆಮನೆಯ ಗೃಹಿಣಿಗೂ ಇವು ಮೂರೂ ಬೇರೆ ಬೇರೆ ಸಂಕಟಗಳು. ಚೇನಿಯಾದಲ್ಲಿ ಕಣ್ಣಿಗೆ ಕಂಡ ಭೇದವು ಕುಲದ ಭೇದವಾಗಿರಲಿಲ್ಲ. ಇಲ್ಲಿ ಕುಲವು ಒಂದೇ ಎನ್ನುವಷ್ಟು ಹತ್ತಿರವಾದರೂ ಫಲದಲ್ಲಿ ಪ್ರಾಣಾಂತಿಕವಾದ ಭೇದವಿದೆ. ಈ ಎರಡನ್ನೂ ತೂಗಿ ನೋಡುವ ವಿವೇಕವೇ ವರ್ಗೀಕಾರನ ವಿದ್ಯೆ.

ಈ ವಿವೇಕದ ಫಲವನ್ನು ರೈತನು ನೇರವಾಗಿ ಉಣ್ಣುತ್ತಾನೆ. ತುರಿಂಜಿಯೆನ್ಸಿಸ್ಸಿನ ಒಳಭೇದಗಳನ್ನು ಬಿಡಿಸಿ ನೋಡಿದ್ದರಿಂದಲೇ, ಕಾಯಿಕೊರಕ ಹುಳುಗಳನ್ನು ಕೊಲ್ಲುವ ತಳಿಯೊಂದು, 1976ರಲ್ಲಿ ಇಸ್ರೇಲಿನಲ್ಲಿ ದೊರೆತ ಸೊಳ್ಳೆಮರಿಗಳನ್ನು ಕೊಲ್ಲುವ ತಳಿ ಇನ್ನೊಂದು, ಎಂದು ಉಪಯೋಗಗಳು ಬೇರ್ಪಟ್ಟವು. ಎಲೆಕೋಸಿಗೋ ತೊಗರಿಗೋ ಬಂದ ಹುಳುವನ್ನು ಕೊಲ್ಲಲೆಂದು ಸಿಂಪಡಿಸುವ ಈ ಜೈವಿಕ ಔಷಧವು ಮನುಷ್ಯನಿಗೂ ದನಕ್ಕೂ ಹಾನಿಮಾಡದಿದ್ದರೂ, ಗಾಳಿಯಲ್ಲಿ ತೇಲಿ ಹಿಪ್ಪುನೇರಳೆಯ ಸೊಪ್ಪಿನ ಮೇಲೆ ಕುಳಿತರೆ ರೇಷ್ಮೆಹುಳುವನ್ನು ಬಿಡುವುದಿಲ್ಲ. ಏಕೆಂದರೆ ರೇಷ್ಮೆಹುಳುವೂ ಪತಂಗದ ಮರಿಯೇ. ನೇರಳೆ ತೋಟದ ಪಕ್ಕದ ಹೊಲಗಳಲ್ಲಿ ಈ ಔಷಧವನ್ನು ಬಳಸದಿರುವುದೇ ಕ್ಷೇಮ. ದ್ವಿದಳ ಬೆಳೆಗಳ ಬೇರುಗಂಟಿನಲ್ಲಿ ಸಾರಜನಕವನ್ನು ಕೂಡಿಡುವ ರೈಜೋಬಿಯಮ್ ಸಮೂಹದ ವಿಚಾರದಲ್ಲಿಯೂ ಹೀಗೆಯೇ: ಒಂದು ಬೆಳೆಗೆ ಒಗ್ಗಿದ ತಳಿಯು ಮತ್ತೊಂದು ಬೆಳೆಗೆ ಒಗ್ಗದಿರುವುದರಿಂದ, ಬಿತ್ತನೆಯ ಬೀಜಕ್ಕೆ ಲೇಪಿಸುವ ಪೊಟ್ಟಣದ ಮೇಲೆ ಬೆಳೆಯ ಹೆಸರನ್ನು ನೋಡಿಕೊಂಡೇ ಕೊಳ್ಳಬೇಕು. ಮಳೆಯನ್ನೇ ನಂಬಿ ಹುರುಳಿ, ಅವರೆ, ನೆಲಗಡಲೆಗಳನ್ನು ಬಿತ್ತುವ ಹನೂರಿನ ರೈತನಿಗೆ ಈ ತಿಳಿವಳಿಕೆಯು ಖರ್ಚಿಲ್ಲದ ಲಾಭ.

ಇಂದಿನ ವರ್ಗೀಕರಣದ ಮುಖ್ಯ ಸಾಧನವು ವಂಶವಾಹಿಯ ಬರಹ. ಪ್ರೋಟೀನನ್ನು ತಯಾರಿಸುವ ಕೋಶಾಂಗವಾದ ರೈಬೊಸೋಮಿನ ಒಂದು ಅಂಶವು ಸಕಲ ಜೀವಿಗಳಲ್ಲಿಯೂ ಇದ್ದು, ಅತಿ ನಿಧಾನವಾಗಿ ಬದಲಾಗುವುದರಿಂದ, ಅದರ ಅಕ್ಷರಗಳನ್ನು ಹೋಲಿಸಿದರೆ ಜೀವಿಗಳ ನಂಟುತನವನ್ನು ಅಳೆಯಬಹುದೆಂದು ಅಮೆರಿಕದ ಕಾರ್ಲ್ ವೋಸ್ ತೋರಿಸಿಕೊಟ್ಟರು. ಆ ಅಳತೆಯಿಂದಲೇ 1977ರಲ್ಲಿ, ಬ್ಯಾಕ್ಟೀರಿಯಗಳೆಂದೇ ಭಾವಿಸಿದ್ದ ಆರ್ಕಿಯ ಎಂಬ ಸಮೂಹವು ಜೀವಲೋಕದ ಪ್ರತ್ಯೇಕ ಶಾಖೆಯೆಂಬುದು ಹೊರಬಂದಿತು. ಈಗ ಜೀವಿಯ ಸಮಗ್ರ ವಂಶವಾಹಿಯನ್ನು ಓದುವುದೂ ಸುಲಭಸಾಧ್ಯವಾಗಿದೆ. ಹೀಗಿದ್ದರೂ ಮಣ್ಣನ್ನು ಕದಡುವ, ತಟ್ಟೆಯ ಮುಂದೆ ಕಾಯುವ, ಬಣ್ಣವನ್ನೂ ರೂಪವನ್ನೂ ಕಣ್ಣಾರೆ ಕಂಡು ಬರೆದಿಡುವ ಹಳೆಯ ಶಿಸ್ತು ಬೇಡವಾಗಿಲ್ಲ. ಹೊಸ ಪ್ರಭೇದವನ್ನು ಸಾರುವವನು ಅಕ್ಷರಗಳೊಡನೆ ಆ ಜೀವಿಯ ನಡೆನುಡಿಯನ್ನೂ ಹೇಳಬೇಕು. ಒಂದು ಗ್ರಾಂ ಫಲವತ್ತಾದ ಮಣ್ಣಿನಲ್ಲಿ ಕೋಟಿಗಳ ಲೆಕ್ಕದಲ್ಲಿ ವಾಸಿಸುವ ಬ್ಯಾಕ್ಟೀರಿಯಗಳಲ್ಲಿ ಬಹುಪಾಲು ಇನ್ನೂ ಯಾರ ತಟ್ಟೆಯ ಮೇಲೂ ಬೆಳೆದಿಲ್ಲ, ಯಾವ ಗ್ರಂಥದಲ್ಲಿಯೂ ಹೆಸರನ್ನು ಪಡೆದಿಲ್ಲ.

ಈ ದೃಷ್ಟಿಯಿಂದ ಕೊಳ್ಳೇಗಾಲ, ಹನೂರು, ಯಳಂದೂರುಗಳ ನೆಲವು ಸಾಮಾನ್ಯವಾದುದಲ್ಲ. ಬಿಳಿಗಿರಿರಂಗನ ಬೆಟ್ಟದ ಹುಲಿ ಸಂರಕ್ಷಿತ ಪ್ರದೇಶದಲ್ಲಿ, ತಪ್ಪಲಿನ ಕುರುಚಲು ಕಾಡಿನಿಂದ ಶಿಖರದ ನಿತ್ಯಹರಿದ್ವರ್ಣದ ಶೋಲೆಯ ತನಕ, ಒಂದು ದಿನದ ನಡಿಗೆಯಲ್ಲಿ ಹಲವು ಬಗೆಯ ಕಾಡುಗಳೂ ಹಲವು ಬಗೆಯ ಮಣ್ಣುಗಳೂ ಎದುರಾಗುತ್ತವೆ. ಪಶ್ಚಿಮಘಟ್ಟವೂ ಪೂರ್ವಘಟ್ಟವೂ ಕೈಕೂಡಿಸುವ ತಾಣವದು. ಇತ್ತ ಮಲೆ ಮಹದೇಶ್ವರನ ಬೆಟ್ಟಗಳ ಒಣಗಾಡು, ಅತ್ತ ಕಾವೇರಿಯ ದಡದ ಗದ್ದೆ, ನಡುವೆ ಎರೆ ಮತ್ತು ಕೆಮ್ಮಣ್ಣಿನ ಹೊಲಗಳು. ಈ ಕಾಡಿನ ಗಿಡಮರಗಳನ್ನೂ ಜೇನನ್ನೂ ಪ್ರಾಣಿಗಳನ್ನೂ ಬಹುಕಾಲದಿಂದ ಬೇರೆ ಬೇರೆ ಹೆಸರುಗಳಿಂದ ಗುರುತಿಸಿ ಬಾಳಿದ ಸೋಲಿಗರು ತಾವೂ ಒಂದು ವರ್ಗೀಕರಣ ಶಾಸ್ತ್ರದ ವಾರಸುದಾರರು. ಅವರ ಕಣ್ಣಿಗೆ ಬಿದ್ದ ಲೋಕವು ಹೆಸರನ್ನು ಪಡೆಯಿತು; ಅವರ ಕಾಲಡಿಯ ಮಣ್ಣಿನ ಅಣುಲೋಕವು ಹೆಸರನ್ನು ಬೇಡಿ ಕಾದಿದೆ.

ಆದಕಾರಣ ಈ ಮೂರು ತಾಲ್ಲೂಕುಗಳ ಕಾಲೇಜುಗಳಲ್ಲಿ ಜೀವಶಾಸ್ತ್ರವನ್ನು ಓದುವ ಹುಡುಗ ಹುಡುಗಿಯರಲ್ಲಿಯೂ ಅವರಿಗೆ ಪಾಠ ಹೇಳುವ ಗುರುಗಳಲ್ಲಿಯೂ ನಮ್ಮದೊಂದು ಬಿನ್ನಹವಿದೆ. ವರ್ಗೀಕರಣವನ್ನು ಪರೀಕ್ಷೆಗಾಗಿ ಉರುಹಚ್ಚುವ ಪಟ್ಟಿಯೆಂದು ಬಗೆಯದಿರಿ. ನಿಮ್ಮ ಮನೆಯ ಹುಳು ಸತ್ತಾಗ ಯಾವ ಬೇನೆಯಿಂದ ಸತ್ತಿತೆಂದು ಬಿಡಿಸಿ ನೋಡುವ ಅಭ್ಯಾಸವನ್ನು ಬೆಳೆಸಿಕೊಳ್ಳಿ. ಅಪ್ಪಣೆ ಬೇಕಾದ ಕಾಡಿನ ಮಣ್ಣನ್ನು ಅಪ್ಪಣೆಯಿಲ್ಲದೆ ಮುಟ್ಟದೆ, ನಿಮ್ಮದೇ ಹೊಲದ, ಕಣದ, ಗೊಬ್ಬರಗುಂಡಿಯ ಮಣ್ಣಿನಿಂದ ಮೊದಲ ತಟ್ಟೆಯನ್ನು ಹರಡಿ. ಕಂಡದ್ದನ್ನು ಕಂಡಷ್ಟೇ, ಇನ್ನೊಬ್ಬನು ಬಂದು ಪರೀಕ್ಷಿಸಿ ತಿದ್ದುವಷ್ಟು ಸ್ಪಷ್ಟವಾಗಿ, ಸಾಧ್ಯವಾದರೆ ಕನ್ನಡದಲ್ಲಿಯೂ ಬರೆದಿಡಿ. ತಿರುಮಲಾಚಾರ್ಯರು ಇಟ್ಟ ಚೇನಿಯಾ ಎಂಬ ಹೆಸರು ಇಂದು ಜಾತಿಗಳ ಪಟ್ಟಿಯಲ್ಲಿ ಚಲಾವಣೆಯಲ್ಲಿಲ್ಲ. ಆದರೆ ಅವರು ವರ್ಣಿಸಿದ ಜೀವಿಯು ಸಂಗ್ರಹಾಲಯಗಳಲ್ಲಿ ಜೀವಂತವಾಗಿದೆ, ಅವರು ಗಮನಿಸಿದ ಲಕ್ಷಣವು ಇಂದಿಗೂ ಸತ್ಯವಾಗಿದೆ, ಅವರು ತೆಗೆದ ಔಷಧಗಳು ಜನರ ಉಪಯೋಗಕ್ಕೆ ಬಂದಿವೆ. ವಿಜ್ಞಾನದಲ್ಲಿ ದುಡಿಯುವವನಿಗೆ ಇದಕ್ಕಿಂತ ಹೆಚ್ಚಿನ ಯಶಸ್ಸನ್ನು ಬಯಸುವ ಅಗತ್ಯವಿಲ್ಲ.